ಅಣ್ಣನ ದನಿಗೆ ತಕ್ಕ ಡಬ್ಬಿ

ಮಾರ್ಚ್ 3, ಸಂಜೆ

ಇದು ಅನ್ಯಾಯ. ಮುಷ್ಕರದ ಕರಪತ್ರ ಹಂಚಿದ್ದಕ್ಕೆ ಅಣ್ಣನಿಗೆ ಜೈಲು. ಸಾಲದ್ದಕ್ಕೆ ಭೇಟಿಯ ಕಿಟಕಿಗೆ ದಪ್ಪ ಗಾಜು. ಅಲ್ಲಿ ಮಾತಾಡಲು ಇಟ್ಟ ಫೋನು ಕೆಟ್ಟು ತಿಂಗಳುಗಳಾದವು. ಗಾಜಿನಲ್ಲಿರುವುದು ಕಡಲೆಕಾಳಿನಷ್ಟು ಒಂದು ತೂತು. ಅಣ್ಣ ಬಾಯಿ ಆಡಿಸುತ್ತಾನೆ, ಅಮ್ಮ ಸುಮ್ಮನೆ ತಲೆಯಾಡಿಸುತ್ತಾಳೆ. ಹೊರಗೆ ಬಂದ ಮೇಲೆ, "ಏನಂದ?" ಎಂದು ನನ್ನನ್ನೇ ಕೇಳಿದಳು. ನನಗೂ ಕೇಳಿಸಿರಲಿಲ್ಲ.

ಈ ತಿಂಗಳಲ್ಲೇ ಅವನನ್ನು ದೂರದ ಜೈಲಿಗೆ ಸಾಗಿಸುತ್ತಾರಂತೆ. ಅಷ್ಟರೊಳಗೆ ಅವನ ದನಿ ಒಮ್ಮೆ ಕಿವಿಗೆ ಬೀಳಲಿ ಎನ್ನುತ್ತಾಳೆ ಅಮ್ಮ.

ಮಾರ್ಚ್ 5

ಮುಷ್ಕರ ನಡೆಸಿದ ನಮ್ಮ ಸಂಘದ ಕೋಣೆಯಲ್ಲಿ ವಿಜ್ಞಾನದ ಕಿರುಹೊತ್ತಿಗೆ ಸಿಕ್ಕಿತು. ಸಣ್ಣ ತೂತಿನಲ್ಲಿ ಶಬ್ದ ಅಷ್ಟಾಗಿ ದಾಟುವುದಿಲ್ಲ. ಆದರೆ ತೂತಿಗೆ ತಾಗಿಸಿ ಟೊಳ್ಳು ಡಬ್ಬಿ ಇಟ್ಟರೆ, ಡಬ್ಬಿಗೆ ಒಪ್ಪುವ ಸ್ವರ ಮಾತ್ರ ಒಳಗೆ ಅನುರಣಿಸಿ ಜೋರಾಗಿ ದಾಟುತ್ತದೆ. ದಾಟಲಾರದ್ದನ್ನು ದಾಟಿಸುವುದು — ಇದಲ್ಲವೇ ಚಳವಳಿ!

ಟೀಪುಡಿ ಡಬ್ಬಿಗೆ ಎರಡು ತೂತು ಕೊರೆದೆ. ಒಂದು ಗಾಜಿಗೆ, ಒಂದು ಕಿವಿಗೆ. ಬಾಗಿಲ ಹಲಗೆಯ ತೂತಿಗೆ ಅದನ್ನು ಒತ್ತಿ ಹಿಡಿಯಲು ಅಮ್ಮನಿಗೆ ಹೇಳಿ, ಆಚೆ ನಿಂತು ಅದೇ ತೂತಿಗೆ ಬಾಯಿಟ್ಟು ಘೋಷಣೆ ಕೂಗಿದೆ.

"ಗುಂಯ್ ಅಂತು ಕಣೇ!"

ಮಾರ್ಚ್ 10

ಜೈಲಿನ ಬಾಗಿಲಲ್ಲಿ ಕಾವಲಿನ ಅಕ್ಕ ಡಬ್ಬಿಯನ್ನು ಅಲುಗಿಸಿ ನೋಡಿ ನಕ್ಕಳು. "ಖಾಲಿ ತಾನೆ? ತಗೊಂಡ್ ಹೋಗಿ."

ಅಣ್ಣ ಮಾತಾಡಿದ. ಅಮ್ಮನಿಗೆ ಏನೂ ಕೇಳಿಸಲಿಲ್ಲ.

ತಪ್ಪು ನನ್ನದೇ. ಡಬ್ಬಿ ನನ್ನ ಗಂಟಲಿಗೆ ಹೊಂದಿಸಿದ್ದು. ಅವನದು ತಗ್ಗಿನ ದನಿ.

"ನಿನ್ ಭಾಷಣಕ್ಕೆ ಡಬ್ಬಿ ಮಾಡ್ದೆ ಕಣೇ ಕ್ರಾಂತಿಕಾರಿ. ನನ್ ಮಗನ್ನ ಮರ್ತೆ."

ಕೋಪ ಬಂತು. ಡಬ್ಬಿಯನ್ನು ಚೀಲಕ್ಕೆ ತುರುಕಿದೆ.

ಮಾರ್ಚ್ 14

ಇಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಇವತ್ತು ನೋಡಿದರೆ ಅಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ ಸಾಲಾಗಿ ಇಟ್ಟಿದ್ದಾಳೆ!

"ಹಸ್ಕೊಂಡ್ ಬಂದಾಗ ಹಿಂಗೇ ಕೂಗ್ತಿದ್ದ" — ಗಂಟಲು ಇಳಿಸಿ, ಥೇಟು ಅವನ ಹಾಗೆಯೇ, "ಅಮ್ಮಾ—"

ದೊಡ್ಡ ಡಬ್ಬಿ, ತಗ್ಗಿದ ಸ್ವರ. ಒಂದೊಂದಕ್ಕೂ ತೂತು ಕೊರೆದು, ಅಮ್ಮ ಹಾಗೆ ಕೂಗುವಾಗ ಕಿವಿಯಿಟ್ಟೆ. ಬಿಸ್ಕತ್ತಿನ ಡಬ್ಬಿ ತುಂಬಿ ಮೊಳಗಿತು.

"ಮಾತೆಲ್ಲ ಬರಲ್ಲಮ್ಮ. ಒಂದೇ ಸ್ವರ. ಎಳೆದು ಕೂಗ್ಬೇಕು, ಅಷ್ಟೆ."

"ಅಮ್ಮಾ ಅನ್ಲಿ ಸಾಕು. ಮಿಕ್ಕಿದ್ದು ನಂಗೊತ್ತಾಗತ್ತೆ."

ಮಾರ್ಚ್ 15

ಶುಕ್ರವಾರ ಅಣ್ಣನನ್ನು ಸಾಗಿಸುತ್ತಾರೆ. ಉಳಿದಿರುವುದು ಒಂದೇ ಭೇಟಿ. ಮಾತಾಡಬೇಡ, ಹಸಿದವನ ಹಾಗೆ ಅಮ್ಮಾ ಎಂದು ಕೂಗು — ಕಾವಲಿನ ಅಕ್ಕನ ಹತ್ತಿರ ಹೇಳಿಕಳಿಸಿದೆ. ಸಂಜೆಗೆ ಅವನ ಉತ್ತರ ಬಂತು: "ಇಲ್ಲಿನ ಊಟಕ್ಕೆ ನಟನೆ ಬೇಕಾಗಲ್ಲ ಬಿಡು."

ಅವನಿಗೆ ಹೇಳಬೇಕೆಂದಿದ್ದು ನನ್ನಲ್ಲೂ ಬೇಕಾದಷ್ಟಿದೆ. ಇರಲಿ. ಅಮ್ಮ ಕೂರುತ್ತಾಳೆ. ನಾನು ಗಾಜಿಗೆ ಡಬ್ಬಿ ಒತ್ತಿ ಹಿಡಿಯುತ್ತೇನೆ, ಬಾಯಿ ಮುಚ್ಚಿಕೊಂಡು. ಗುರುವಾರ, ಬೆಳಿಗ್ಗೆ ಹತ್ತೂವರೆ, ಮೂರನೇ ಕಿಟಕಿ —