ಇವ್ರೇ ಅಂತ ಕರೆಯುವ ಹುಡುಗಿಗೆ

ಭದ್ರಾವತಿ
೧೪ ಜೂನ್ ೨೦೨೫, ಶನಿವಾರ

ವಿನೋಬನಗರದ ಮಹಾರಾಣಿ, ನಾಲ್ಕನೇ ಕ್ಲಾಸಿನ ಘನ ವಿದ್ವಾಂಸೆ, ನನ್ನ ಒಬ್ಬಳೇ ತಂಗಿ ಕವನಾಳ ಸನ್ನಿಧಾನಕ್ಕೆ ಅಕ್ಕನ ದೀರ್ಘದಂಡ ನಮಸ್ಕಾರ.

ಹೇಗಿದೀಯ ಪುಟ್ಟಿ? ಕೆಮ್ಮು ಹೋಯ್ತಾ? ಕಷಾಯವನ್ನು ಹೂಕುಂಡಕ್ಕೆ ಸುರಿದು ಖಾಲಿ ಲೋಟ ತೋರಿಸುವ ವಿದ್ಯೆ ನಾನೇ ಕಲಿಸಿದ್ದು. ಈ ಪತ್ರದ ಮೂಲಕ ಅದನ್ನು ಅಧಿಕೃತವಾಗಿ ವಾಪಸು ಪಡೆದಿದ್ದೇನೆ. ಕುಡಿ. ಫೋನಲ್ಲಾದರೆ ನನಗೆ ನಗು ಬಂದುಬಿಡುತ್ತೆ, ಅದಕ್ಕೇ ಕಾಗದ. ನಾನು ಚೆನ್ನಾಗಿದ್ದೀನಿ. ಪಕ್ಕದ ಮನೆ ಜಲಜಮ್ಮನ ನಡುಮನೆಯಲ್ಲಿ ನನ್ನ ಚಾಪೆಗೆ ಅದೇ ಜಾಗ. ಅಪ್ಪ ಅಮ್ಮ ಲಾರಿ ಅಪಘಾತದಲ್ಲಿ ಹೋಗಿ ಎರಡು ವರ್ಷವಾಯ್ತು. ನಮ್ಮ ಕ್ವಾರ್ಟರ್ಸ್ ಲೈನಿನ ಜನ ಇವತ್ತಿಗೂ ನನ್ನನ್ನು ಊಟ ಆಯ್ತಾ ಅಂತ ಕೇಳಲ್ಲ, ನೇರ ತಟ್ಟೆ ಇಡ್ತಾರೆ. ನಿನ್ನೆ ಮಾಸ್ತಮ್ಮನ ಮನೆ ಇಡ್ಲಿ ತಿಂದು ಬಂದಿದ್ದಕ್ಕೆ ಜಲಜಮ್ಮ, 'ನಮ್ಮನೆ ಉಪ್ಪಿಟ್ಟೇನು ಪಾಪ ಮಾಡಿತ್ತು ಮಾರಾಯ್ತಿ' ಅಂದರು. ಶಾಂತಿ ಕಾಪಾಡಲು ಅದನ್ನೂ ತಿಂದೆ.

ಹೋದ ಭಾನುವಾರ ನಿನ್ನನ್ನು ನೋಡಿ ಬಂದಾಗಿನಿಂದ ಮನಸ್ಸು ನೆಟ್ಟಗಿಲ್ಲ. ದಿವ್ಯಶ್ರೀ ಆಂಟಿ, ಪ್ರಕಾಶ್ ಅಂಕಲ್ ನಿನ್ನನ್ನು ಸಾಕಲು ಕರೆದುಕೊಂಡು ಹೋದಾಗ ನೀನು ಮಾತೇ ಆಡ್ತಿರಲಿಲ್ಲ. ನನ್ನನ್ನೂ ಕರೆದಿದ್ದರು, ಲೈನು ಬಿಟ್ಟು ಬರಲ್ಲ ಅಂತ ಹಟ ಮಾಡಿದವಳು ನಾನೇ. ಈಗ ನೋಡಿದರೆ ಕೆನ್ನೆ ತುಂಬಿದೆ, ಸೈಕಲ್ಲನ್ನು ಕೈಬಿಟ್ಟು ಹೊಡೀತೀಯ, ನನ್ನ ಕಾಗುಣಿತ ತಿದ್ದುತ್ತೀಯ. ಆದರೆ ಆಂಟಿಯನ್ನು ಮಾತ್ರ 'ಇವ್ರೇ, ನೀರು ಕೊಡ್ತೀರಾ' ಅಂತ ಕರೀತೀಯ, ಹಳೇ ಕಾಲದ ಹೆಂಡತಿ ಗಂಡನನ್ನು ಕರೆದ ಹಾಗೆ! 'ಇವಳು ಇವ್ರೇ ಅಂದರೆ ನಮ್ಮನೆಯವರೂ ತಿರುಗಿ ನೋಡ್ತಾರೆ ಹೇಮಾ' ಅಂತ ಆಂಟಿ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ, ನಿನ್ನ ಯೂನಿಫಾರಂಗೆ ಗುಂಡಿ ಹಾಕುತ್ತಾ, ತಲೆ ಎತ್ತದೆ ಕೇಳಿದರು: 'ನನ್ನಿಂದೇನಾದ್ರೂ ತಪ್ಪಾಗಿದೆಯಾ?' ಅಷ್ಟು ದೊಡ್ಡ ಕಿಲಾಡಿ ನಾನು, ಸೂಜಿಗೆ ದಾರ ಪೋಣಿಸಿ ಕೊಟ್ಟು ಆಚೆ ಬಂದುಬಿಟ್ಟೆ.

ಬರುವ ಶುಕ್ರವಾರ ಮಕ್ಕಳ ಕಲ್ಯಾಣ ಸಮಿತಿಯವರು ನಿನ್ನನ್ನು ಕೂರಿಸಿಕೊಂಡು, ಇವರ ಮಗಳಾಗಿ ಇಲ್ಲೇ ಇರ್ತೀಯಾ ಅಂತ ಕೇಳ್ತಾರೆ. 'ಇಲ್ಲ, ಅಕ್ಕನ ಹತ್ತಿರ ಹೋಗ್ತೀನಿ' ಅಂತ ಅವರಿಗೆ ಹೇಳ್ತೀನಿ ಅಂದೆಯಲ್ಲ. ಬಾ ಅನ್ನೋ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹದಿನೆಂಟು ತುಂಬಿದ್ದರಿಂದ ಕಾಗದದ ಪ್ರಕಾರ ನಾನು ದೊಡ್ಡವಳು ಕಣೇ. ಆದರೆ ಬೆಳಗ್ಗೆ ಕಾಲೇಜು, ಸಂಜೆ ಟೈಲರಿಂಗ್, ಜ್ವರ ಬಂದರೆ ನನ್ನನ್ನೇ ಇನ್ನೊಬ್ಬರು ನೋಡಬೇಕು. ನೀನು ಅಲ್ಲಿ ಬೆಳೆದಿದ್ದೀಯ. ಹೂಂ ಅನ್ನು. ಅದಾದ ಮೇಲಿನ ಭಾನುವಾರ ನಾನು ಬಂದೇ ಬರ್ತೀನಿ.

ಆಂಟಿ ಅಂಕಲ್‌ಗೆ ನಮಸ್ಕಾರ. ನಿನಗೆ ಇಡೀ ಲೈನಿನ ಆಶೀರ್ವಾದ, ಜೊತೆಗೆ ಚಕ್ಕುಲಿ. ಎರಡು ಕಡಿಮೆ ಇದ್ದರೆ ವಿಚಾರಣೆ ನಡೆಸಬೇಡ.

ನಿನ್ನ ಅಕ್ಕ,
ಹೇಮಶ್ರೀ

ಒಂದು ಬಿಟ್ಟುಹೋಯ್ತು. ಕಾಗದ ತರುವ ಮಾರಪ್ಪ ಮಾವ ಆಟೋದ ಹಾರ್ನ್ ಹೊಡೀತಿದ್ದಾರೆ. ನೀನು ಇಲ್ಲಿಂದ ಹೋಗುವ ದಿನ ಕಿವಿಯಲ್ಲಿ ಹೇಳಿದ್ದೆನಲ್ಲ, ಅಮ್ಮ ಕನಸಿಗೆ ಬಂದು 'ಕವನ ಬೇರೆ ಯಾರನ್ನೂ ಅಮ್ಮ ಅನ್ನಬಾರದು' ಅಂದಳು ಅಂತ. ಸುಳ್ಳು ಪುಟ್ಟಿ. ನನ್ನನ್ನು ಮರೀತೀಯ ಅಂತ ಹೆದರಿ ನಾನೇ ಕಟ್ಟಿದ್ದು. ಅಮ್ಮ ನನ್ನ ಕನಸಿಗೆ ಒಂದು ಸಲವೂ ಬಂದಿಲ್ಲ. ಆಂಟಿಯನ್ನು ಅಮ್ಮ ಅನ್ನು. ನನ್ನೆದುರಿಗೇ ಅನ್ನು, ನಾನು ಅಳಲ್ಲ. ಅತ್ತರೂ ನಿಲ್ಲಿಸಬೇಡ.