ಲುಸಾಕಾದಲ್ಲಿ ಖಾದಿ ಬಾವುಟ ಕೇಳುವವರಿಲ್ಲ

ಲುಸಾಕಾ, ಜಾಂಬಿಯಾ
ಅಕ್ಟೋಬರ್ 23

ಉಣಕಲ್ಲಿನ ಚಿಗವ್ವನಿಗೆ ಶರಣು.

ನಮೂನೆಗೆಂದು ನೀನು ಹೊಲಿದು ಕೊಟ್ಟ ಖಾದಿಯ ತ್ರಿವರ್ಣ ಬಾವುಟವನ್ನು, ಇವರ ಬಾವುಟವನ್ನೂ ಹೀಗೇ ಹೊಲಿದು ಕೊಡುತ್ತೇವೆಂದು, ಇವತ್ತು ಬೀದಿಯಲ್ಲಿ ತೋರಿಸಿದೆ. ನಾಳೆ ಈ ದೇಶದ ಸ್ವಾತಂತ್ರ್ಯ ದಿನ. ಬೀದಿ ತುಂಬ ಬಾವುಟ, ಎಲ್ಲವೂ ಹಡಗಿನಲ್ಲಿ ಬಂದ ಪಾಲಿಸ್ಟರ್. ಮಾರುವ ಮುದುಕಿ ನಿನ್ನ ಹೊಲಿಗೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು. ಆಮೇಲೆ ಬೇಡವೆಂದು ತಲೆ ಅಲ್ಲಾಡಿಸಿದಳು.

ನಮ್ಮ ಅಂಗಡಿಯ ರಾಜಶೇಖರ ಕಾಕಾ ಅವಳ ಮಾತು ತಿಳಿಸಿದರು: "ಆಕಿ ಇಲ್ಲೇ ಅರಿವಿ ಗಿರಣ್ಯಾಗ ದುಡದಾಕಿ. ಸ್ವಾತಂತ್ರ್ಯ ಬಂದ ಮ್ಯಾಲೆ ಸರಕಾರನ ಗಿರಣಿ ಕಟ್ಟಿಸ್ತು. ಮುಂದ ಹೊರಗಿನ ಮಾಲಿಗೆ ಬಾಗಲಾ ತಗದ್ರು, ಗಿರಣಿ ಮುಚ್ಚಿತು. ಈಗ ಅದೇ ಹೊರಗಿನ ಮಾಲು ಮಾರತಾಳ. ನಿನ್ನ ಖಾದಿ ಯಾರ ತಗೋತಾರಲೇ, ಹುಚ್ಚಾ?"

ಸುಳ್ಳು ಹೇಳಲಾರೆ. ಆಗಸ್ಟ್ ಹದಿನೈದಕ್ಕೆ ನಮ್ಮ ಅಂಗಡಿಯ ಮೇಲೆ ನಾನು ಏರಿಸಿದ್ದೂ ಪಾಲಿಸ್ಟರ್ ಬಾವುಟವೇ. ನಿನ್ನದು ಪೆಟ್ಟಿಗೆಯಲ್ಲಿತ್ತು.

ನನಗೆ ಬಂದಿದ್ದ ಜ್ವರ ಬಿಟ್ಟಿದೆ, ಬಾಯಿಗೆ ಇನ್ನೂ ರುಚಿ ಬಂದಿಲ್ಲ.

ಬಾವುಟದ ಆರ್ಡರ್ ಸಿಕ್ಕರೆ ತಂಗಿ ಆರತಿಯನ್ನು ಶಾಲೆ ಬಿಡಿಸಿ ಹೊಲಿಗೆಗೆ ಕೂರಿಸುತ್ತೇನೆ ಎಂದಿದ್ದೆಯಲ್ಲ. ಆರ್ಡರ್ ಸಿಗುವುದಿಲ್ಲ, ಚಿಗವ್ವಾ. ಅವಳು ಶಾಲೆಗೆ ಹೋಗಲಿ. ಮನೆಯಲ್ಲಿ ನಾನೊಬ್ಬ ಬಿಟ್ಟದ್ದು ಸಾಕು.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಶಂಭುಲಿಂಗ