ಜಾಮೀನಿನವರಿಗೆ ಸೇಬಿನ ಹಾರ

ಬಸವೇಶ್ವರನಗರ, ಗುರುವಾರ

ರೀ,

ಕಣ್ಣಿನ ಪಟ್ಟಿ ಬಿಚ್ಚಿದರು. ಚೆನ್ನಾಗಿ ಕಾಣಿಸುತ್ತಿದೆ, ಇನ್ನು ನಿಶ್ಚಿಂತೆಯಾಗಿರಿ. ಇಂಗ್ಲೆಂಡಿನ ನಮ್ಮೂರಲ್ಲಿ ಸರದಿಯೇ ಬಾರದೆ ಬಲಿತ ಪೊರೆಯನ್ನು ಇಲ್ಲಿ ತಂಗಿಯ ಮನೆ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಕಾಫಿ ಆರುವಷ್ಟರಲ್ಲಿ ತೆಗೆದುಬಿಟ್ಟರು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದರೆ ನಮ್ಮ ಆಸ್ಪತ್ರೆಗಳಿಗೆ ಹಣ ಹರಿಯುತ್ತದೆಂದು ಬಸ್ಸಿನ ಮೇಲೆ ಬರೆಸಿಕೊಂಡು ತಿರುಗಿದ ಅಲ್ಲಿನ ರಾಜಕಾರಣಿಗಳನ್ನು ನಾನು ಮರೆತಿಲ್ಲ.

ಮನೆಗೆ ಬರುವಾಗ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಆಟೊ ನಿಂತಿತು. ಎದುರಿಗೆ ಕ್ರೇನಿನಿಂದ ಆಳೆತ್ತರದ ಸೇಬಿನ ಹಾರ ಇಳಿಯುತ್ತಿತ್ತು. ಒಂದೊಂದು ಹಣ್ಣೂ ನನಗೆ ಬಿಡಿಬಿಡಿಯಾಗಿ ಕಂಡಿತು. ಯಾರಿಗೆ ಎಂದೆ.

“ನಮ್ ಲೀಡ್ರಿಗಮ್ಮ, ಬೇಲ್ ಮೇಲೆ ಬಂದವ್ರೆ,” ಎಂದ ಆಟೊದ ಮುನಿಯಣ್ಣ.

ನನಗೆ ಸಿಟ್ಟು ಬಂತು. “ನಮ್ಮ ಇಂಗ್ಲೆಂಡಲ್ಲೂ ಅಷ್ಟೇ ಕಣಪ್ಪ. ಕೋವಿಡ್‌ನಲ್ಲಿ ಸತ್ತವರ ಮುಖ ನೋಡೋಕೂ ಜನರನ್ನ ಬಿಡದೆ ಇದ್ದಾಗ ಪ್ರಧಾನಿ ಮನೇಲಿ ಪಾರ್ಟಿ ನಡೀತು.”

“ಆಮೇಲೆ?”

“ಕುರ್ಚಿ ಬಿಡಬೇಕಾಯ್ತು.”

“ಬಿಟ್ಮೇಲೆ ಹಾರ ಹಾಕಿದ್ರಾ?”

“ಇಲ್ಲ, ಛೀ ಥೂ ಅಂದ್ರು.”

“ಹಂಗಾದ್ರೆ ಇನ್ನೇನಮ್ಮ? ನಿಮ್ ಜನಕ್ಕೆ ಇನ್ನೂ ನಾಚ್ಕೆ ಐತೆ ಬಿಡಿ.”

ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಯಿತು. ಬಿ.ಪಿ. ಮಾತ್ರೆ ತಪ್ಪಿಸಬೇಡಿ, ತಂಗಿಯೂ ನಿಮ್ಮ ಆರೋಗ್ಯ ಕೇಳುತ್ತಿದ್ದಾಳೆ. ಇನ್ನು ಯಾರಿಗೂ ಓಟು ಹಾಕುವುದಿಲ್ಲ, ಅಂಚೆಯಲ್ಲಿ ಮತಪತ್ರ ಬಂದರೆ ಕಸಕ್ಕೆ ಹಾಕಿ ಎಂದು ಹೊರಡುವ ದಿನ ಕೂಗಾಡಿದ್ದೆನಲ್ಲ, ಅದನ್ನು ಎಸೆಯಬೇಡಿ. ಬಂದು ನಾನೇ ಓದಿ ಗುರುತು ಹಾಕುತ್ತೇನೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ.

ನಿಮ್ಮ
ಕುಸುಮಾ